ಕರಾರು ಮುರಿದರೆ ಮುಂದೇನು? ಕಾಗದ ಹುಡುಕುವುದರಿಂದ ಹಣ ವಸೂಲಿಯವರೆಗೆ

ಅರ್ಧಕ್ಕೆ ನಿಂತ ಮನೆ, ಫೋನ್ ಎತ್ತದ ಕಂಟ್ರಾಕ್ಟರ್. ಅಡ್ವಾನ್ಸ್ ತಗೊಂಡು, ಸೈಟ್ ರೇಟ್ ಏರಿದ ಮೇಲೆ "ಮನೇಲಿ ಒಪ್ತಿಲ್ಲ ಸಾರ್" ಅನ್ನುವ ಮಾಲೀಕ. ಮಾಲು ಇಳಿಸಿಕೊಂಡು ಆರು ತಿಂಗಳಾದರೂ ಬಿಲ್ ಚುಕ್ತಾ ಮಾಡದ ಕಂಪನಿ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಬಿಡಲ್ಲ, ಪಾಠ ಕಲಿಸ್ತೀನಿ."

ಕರಾರಿನ ಕಾನೂನು ಪಾಠ ಕಲಿಸುವ ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1872ರ ಭಾರತೀಯ ಕರಾರು ಕಾಯ್ದೆ ನೋಡುವುದು ಇಷ್ಟನ್ನೇ: ಆ ಮನುಷ್ಯ ಮಾತಿನಂತೆ ನಡೆದಿದ್ದರೆ ನೀವು ಎಲ್ಲಿರುತ್ತಿದ್ದಿರಿ, ಈಗ ಎಲ್ಲಿದ್ದೀರಿ, ನಡುವಿನ ಅಂತರ ಎಷ್ಟು ರೂಪಾಯಿ. ಆ ಅಂತರವನ್ನು ಕಾಗದದಲ್ಲಿ ತೋರಿಸಿದವರಿಗೆ ಹಣ ಬರುತ್ತದೆ. ಸಿಟ್ಟನ್ನು ಮಾತ್ರ ತೋರಿಸಿದವರಿಗೆ ಮುಂದಿನ ವಾಯಿದೆ ದಿನಾಂಕ ಸಿಗುತ್ತದೆ. ಕೆಳಗಿನ ಹೆಜ್ಜೆಗಳನ್ನೆಲ್ಲ ಇದೇ ಲೆಕ್ಕ ಇಟ್ಟುಕೊಂಡು ಬರೆದಿದ್ದೇನೆ.

1. ಮೊದಲು ಕಾಗದ ಹೊರತೆಗೆಯಿರಿ

ಬರೆದ ಅಗ್ರಿಮೆಂಟ್ ಇಲ್ಲ ಅಂದ ಮಾತ್ರಕ್ಕೆ ಕೇಸ್ ಇಲ್ಲ ಅಂತಲ್ಲ. ಒಬ್ಬರು ಕೇಳಿ ಇನ್ನೊಬ್ಬರು ಒಪ್ಪಿ, ಅದಕ್ಕೊಂದು ಪ್ರತಿಫಲ ಇದ್ದು, ಇಬ್ಬರೂ 18 ದಾಟಿದವರಾಗಿ, ಕೆಲಸ ಕಾನೂನಿಗೆ ವಿರುದ್ಧವಲ್ಲದಿದ್ದರೆ ಬಾಯಿಮಾತಿನ ಕರಾರೂ ಕರಾರೇ. ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಹಾಗಾಗಿ ಕೊಟೇಶನ್, ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಪಾವತಿಯ ವಿವರ, ವಾಟ್ಸಾಪ್ ಮಾತುಕತೆ, ಇಮೇಲ್ ಎಲ್ಲವನ್ನೂ ದಿನಾಂಕದ ಸಾಲಿನಲ್ಲಿ ಜೋಡಿಸಿಡಿ. ವಕೀಲರ ಹತ್ತಿರ ಹೋಗುವ ಮುಂಚೆ ಒಂದೇ ಹಾಳೆಯಲ್ಲಿ "ಯಾವತ್ತು ಏನಾಯ್ತು" ಅಂತ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ವಾಟ್ಸಾಪ್ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿ ಕೊಟ್ಟರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಆದ್ದರಿಂದ ಆ ಫೋನನ್ನು ಎಕ್ಸ್‌ಚೇಂಜ್ ಆಫರ್‌ನಲ್ಲಿ ಕೊಟ್ಟುಬಿಡಬೇಡಿ. ಚಾಟ್ ಡಿಲೀಟ್ ಮಾಡಬೇಡಿ. ಮೂಲ ಇದ್ದಲ್ಲೇ ಇರಲಿ.

ಇನ್ನು ಛಾಪಾ ಕಾಗದ. ನಮ್ಮಲ್ಲಿ ಏನೇ ಅಗ್ರಿಮೆಂಟ್ ಆದರೂ "ಒಂದು ನೂರು ರೂಪಾಯಿ ಸ್ಟಾಂಪ್ ಪೇಪರ್ ತಗೊಂಡು ಬಾ" ಅನ್ನುವ ರೂಢಿ. ಸ್ಟಾಂಪ್ ಶುಲ್ಕ ಎಷ್ಟು ಅನ್ನುವುದು ಕರಾರು ಯಾವ ಬಗೆಯದ್ದು, ಎಷ್ಟು ಮೊತ್ತದ್ದು ಅನ್ನುವುದರ ಮೇಲೆ ನಿಂತಿದೆ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಸಾಕಷ್ಟು ಶುಲ್ಕ ಕಟ್ಟದ ದಾಖಲೆಯನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕೊರತೆ ಬಿದ್ದ ಶುಲ್ಕದ ಜೊತೆ ಅದರ ಹತ್ತುಪಟ್ಟು ದಂಡ ಕಟ್ಟಿದ ಮೇಲೇ ಅದು ಒಳಗೆ ಬರುತ್ತದೆ. ಈ ಹತ್ತುಪಟ್ಟನ್ನು ಕಡಿಮೆ ಮಾಡುವ ಅಧಿಕಾರ ವಿಚಾರಣಾ ಕೋರ್ಟ್‌ಗಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಕಡಿಮೆ ಮಾಡುವ ಅವಕಾಶ ಇರುವುದು ನೋಂದಣಿ ಇಲಾಖೆಯ ಅಧಿಕಾರಿಗೆ. ಸೈಟಿನ ಸ್ವಾಧೀನವನ್ನೂ ಬಿಟ್ಟುಕೊಟ್ಟ ಕ್ರಯದ ಕರಾರಾದರೆ ಶುಲ್ಕ ಕ್ರಯಪತ್ರದಷ್ಟೇ ಆಗುತ್ತದೆ. ಹತ್ತುಪಟ್ಟು ಅಂದರೆ ಲಕ್ಷಗಳ ಮಾತು. ಕೇಸ್ ಹಾಕುವ ಮೊದಲೇ ಇದನ್ನು ವಕೀಲರಿಗೆ ತೋರಿಸಿ, ಎಲ್ಲಿ ಕಟ್ಟಿ ಸರಿ ಮಾಡಿಸಿಕೊಳ್ಳಬೇಕು ಅಂತ ಕೇಳಿ.

2. ಮುರಿದದ್ದು ಯಾವತ್ತು ಅಂತ ಗುರುತು ಮಾಡಿಕೊಳ್ಳಿ

ಕರಾರು ಮುರಿದ ದಾವೆಗೆ ಮೂರು ವರ್ಷದ ಗಡುವು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಈ ಮೂರು ವರ್ಷ ಎಣಿಸುವುದು ಮುರಿದ ದಿನದಿಂದ. ಕ್ರಯದ ಕರಾರು ಜಾರಿ ಮಾಡಿಸಿಕೊಡಿ ಅಂತ ಕೇಳುವುದಾದರೆ, ಕರಾರಿನಲ್ಲಿ ನಿಗದಿಯಾದ ದಿನದಿಂದ. ದಿನ ನಿಗದಿಯಾಗಿಲ್ಲದಿದ್ದರೆ, ಎದುರಿನವರು ಒಲ್ಲೆ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ಗ್ರಾಹಕರ ಆಯೋಗಕ್ಕೆ ಹೋಗುವವರಿಗೆ ಇನ್ನೂ ಕಡಿಮೆ, ಎರಡೇ ವರ್ಷ.

"ಈ ದೀಪಾವಳಿಗೆ ಕೊಡ್ತೀನಿ, ಯುಗಾದಿಗೆ ಖಂಡಿತ" ಅನ್ನುವ ಮಾತುಗಳಲ್ಲೇ ಮೂರು ವರ್ಷ ಕಳೆದುಹೋಗುತ್ತದೆ. ಎಷ್ಟೋ ಒಳ್ಳೆಯ ಕೇಸುಗಳು ಹೀಗೇ ಸತ್ತಿವೆ. ಟೈಮ್ ಕೇಳುವವರ ಹತ್ತಿರ ಸುಮ್ನೆ ತಲೆಯಾಡಿಸಿ ಬರಬೇಡಿ. "ಇಷ್ಟು ಬಾಕಿ ಇದೆ, ಇಂಥ ದಿನ ಕೊಡುತ್ತೇನೆ" ಅಂತ ಸಹಿ ಹಾಕಿದ ಒಂದು ಚೀಟಿ ಬರೆಸಿಕೊಳ್ಳಿ. ಗಡುವು ಮುಗಿಯುವ ಮುಂಚೆ ಹೀಗೆ ಬರೆದುಕೊಟ್ಟರೆ ಕಾಲಮಿತಿ ಮತ್ತೆ ಹೊಸದಾಗಿ ಶುರುವಾಗುತ್ತದೆ. ಮುಗಿದ ಮರುದಿನ ಬರೆದುಕೊಟ್ಟರೆ ಈ ಲಾಭ ಇಲ್ಲ.

ಕೊನೆಯ ದಿನದವರೆಗೆ ಕಾಯಲೇಬೇಕು ಅಂತಲೂ ಇಲ್ಲ. ಡಿಸೆಂಬರ್‌ಗೆ ಕೊಡಬೇಕಾದವರು ಆಗಸ್ಟ್‌ನಲ್ಲೇ "ನನ್ನ ಕೈಲಿ ಆಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ" ಅಂದರೆ ಅದೂ ಮುರಿದಂತೆಯೇ. ಕರಾರು ಕಾಯ್ದೆಯ 39ನೇ ಕಲಂ ಆಗಲೇ ಕರಾರು ಕೊನೆಗೊಳಿಸುವ ಹಕ್ಕು ಕೊಡುತ್ತದೆ.

ತಡವಾಗಿ ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಸಮಯವೇ ಮುಖ್ಯವಾಗಿದ್ದ ಕರಾರಿನಲ್ಲಿ ತಡವಾದ ಕೆಲಸವನ್ನು ನೀವು ಒಪ್ಪಿಕೊಂಡರೆ, ಒಪ್ಪಿಕೊಳ್ಳುವಾಗಲೇ "ತಡವಾದ್ದಕ್ಕೆ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ" ಅಂತ ತಿಳಿಸಿರಬೇಕು. ಇಲ್ಲವಾದರೆ 55ನೇ ಕಲಂ ಪ್ರಕಾರ ಆ ಪರಿಹಾರ ಕೈತಪ್ಪುತ್ತದೆ. ಒಂದು ಇಮೇಲ್ ಸಾಕು. ಎರಡೇ ಸಾಲು.

ಎದುರಿನವರು "ಸಿಮೆಂಟ್ ರೇಟ್ ಏರಿದೆ, ಕಬ್ಬಿಣ ಏರಿದೆ, ಹಳೇ ರೇಟಿಗೆ ಆಗಲ್ಲ" ಅಂದರೆ? ಕೆಲಸ ಮಾಡಲು ಸಾಧ್ಯವೇ ಇಲ್ಲದಂತಾದಾಗ ಮಾತ್ರ 56ನೇ ಕಲಂ ಕರಾರಿನಿಂದ ಬಿಡುಗಡೆ ಕೊಡುತ್ತದೆ. ದುಬಾರಿಯಾಯಿತು, ಲಾಭ ಹೋಯಿತು ಅನ್ನುವುದು ಅದರಲ್ಲಿ ಬರುವುದಿಲ್ಲ. ಆದರೆ ದರ ಏರಿದರೆ ಹೊಂದಿಸಿಕೊಡಬೇಕು ಅನ್ನುವ ಷರತ್ತು ನಿಮ್ಮ ಅಗ್ರಿಮೆಂಟ್‌ನಲ್ಲೇ ಇದ್ದರೆ ಅದನ್ನು ಮೊದಲು ಓದಿಕೊಳ್ಳಿ.

3. ಹಣ ಬೇಕಾ, ಆ ವಸ್ತುವೇ ಬೇಕಾ?

ಈ ಪ್ರಶ್ನೆಗೆ ಸಮಯ ಕೊಡಿ. ಯಾಕೆಂದರೆ ಮುಂದಿನ ನೋಟಿಸ್, ಕೋರ್ಟ್, ಖರ್ಚು ಎಲ್ಲವೂ ಇದರ ಮೇಲೆ ನಿಂತಿವೆ.

ಮೊದಲು ಹಣದ ದಾರಿ. ಕರಾರು ಕಾಯ್ದೆಯ 73ನೇ ಕಲಂ ಕೊಡುವುದು ಕರಾರು ಮುರಿದದ್ದರಿಂದ ಸಹಜವಾಗಿ ಆಗುವ ನಷ್ಟ, ಅಥವಾ ಹೀಗೆ ಆಗಬಹುದು ಅಂತ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ. ದೂರದ, ಸುತ್ತುಬಳಸಿದ ನಷ್ಟ ಸಿಗುವುದಿಲ್ಲ. ಇದರ ಮೂಲ ಇಂಗ್ಲೆಂಡಿನ ಗ್ಲೌಸ್ಟರ್‌ನ ಒಂದು ಹಿಟ್ಟಿನ ಗಿರಣಿಯ ಕೇಸ್. 1854ರ ತೀರ್ಪು. ಗಿರಣಿಯ ಮುರಿದ ಶಾಫ್ಟ್ ಸಾಗಿಸುವವರು ತಡ ಮಾಡಿದರು, ಗಿರಣಿ ನಿಂತಿತು. ಗಿರಣಿ ನಿಂತ ಲಾಭದ ನಷ್ಟ ಸಿಗಲಿಲ್ಲ, ಏಕೆಂದರೆ ಆ ಶಾಫ್ಟ್ ಇಲ್ಲದೆ ಗಿರಣಿ ನಡೆಯುವುದೇ ಇಲ್ಲ ಅನ್ನುವುದು ಸಾಗಿಸುವವರಿಗೆ ಗೊತ್ತಿರಬೇಕಾದ ಸಂಗತಿ ಅಂತ ಕೋರ್ಟ್‌ಗೆ ಅನ್ನಿಸಲಿಲ್ಲ. ಆದ್ದರಿಂದ ಅಗ್ರಿಮೆಂಟ್ ಬರೆಸುವಾಗಲೇ "ಈ ತಾರೀಖಿಗೆ ಮನೆ ಬೇಕು, ಇಲ್ಲದಿದ್ದರೆ ನನಗೆ ತಿಂಗಳಿಗೆ ಇಷ್ಟು ಬಾಡಿಗೆ ಬೀಳುತ್ತದೆ" ಅಂತ ಒಂದು ಸಾಲು ಇದ್ದರೆ ಆಮೇಲೆ ಅದರ ಬೆಲೆ ಗೊತ್ತಾಗುತ್ತದೆ.

ಲೆಕ್ಕ ಹಾಕುವುದು ಹೇಗೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. 32 ಲಕ್ಷಕ್ಕೆ ಮನೆ ಕಟ್ಟಿಕೊಡುವ ಒಪ್ಪಂದ. ನೀವು ಕೊಟ್ಟದ್ದು 14 ಲಕ್ಷ. ಮೋಲ್ಡ್ ಹಾಕಿದ ಮೇಲೆ ಕಂಟ್ರಾಕ್ಟರ್ ಮಾಯ. ಎಂಜಿನಿಯರ್ ಬಂದು ಅಳತೆ ಮಾಡಿ, ಆಗಿರುವ ಕೆಲಸ ಕರಾರಿನ ದರದಲ್ಲಿ 11 ಲಕ್ಷದ್ದು ಅನ್ನುತ್ತಾರೆ. ಉಳಿದ ಕೆಲಸ ಮುಗಿಸಲು ಹೊಸ ಕಂಟ್ರಾಕ್ಟರ್ 23.5 ಲಕ್ಷ ಕೇಳುತ್ತಾರೆ. ಈಗ ನಿಮ್ಮ ಒಟ್ಟು ಖರ್ಚು 14 ಮತ್ತು 23.5, ಅಂದರೆ 37.5 ಲಕ್ಷ. ಆಗಬೇಕಿದ್ದದ್ದು 32. ನಷ್ಟ 5.5 ಲಕ್ಷ.

ಇಲ್ಲಿ ಜನ ಎಡವುವ ಜಾಗ ಒಂದಿದೆ. "ಕೆಲಸ ಮಾಡಿದ್ದು 11 ಲಕ್ಷದ್ದು, ನನ್ನಿಂದ 14 ತಗೊಂಡಿದ್ದಾನೆ, ಆ 3 ಲಕ್ಷ ವಾಪಸ್ ಕೊಡಲಿ, ಅದರ ಮೇಲೆ 5.5 ಲಕ್ಷ ಪರಿಹಾರ" ಅಂತ ಕೇಳುತ್ತಾರೆ. ಆ 3 ಲಕ್ಷ ಈಗಾಗಲೇ 5.5ರ ಒಳಗಿದೆ. ಉಳಿದ 2.5 ಲಕ್ಷ ಹೊಸ ಕಂಟ್ರಾಕ್ಟರ್‌ನ ಹೆಚ್ಚುವರಿ ದರ. ಒಂದೇ ನಷ್ಟವನ್ನು ಎರಡು ಸಲ ಕೇಳಿದರೆ ಎದುರಿನ ವಕೀಲರು ಅದನ್ನೇ ಹಿಡಿದು, ನಿಮ್ಮ ಇಡೀ ಲೆಕ್ಕ ಉಬ್ಬಿಸಿದ್ದು ಅಂತ ತೋರಿಸುತ್ತಾರೆ. ಮನೆ ತಡವಾದ ನಾಲ್ಕು ತಿಂಗಳ ಬಾಡಿಗೆ, ತಿಂಗಳಿಗೆ 18,000ದಂತೆ 72,000, ಬಾಡಿಗೆ ಕರಾರು ಮತ್ತು ಪಾವತಿಯ ದಾಖಲೆ ಇದ್ದರೆ ಬೇರೆಯಾಗಿ ಕೇಳಬಹುದು.

ನಷ್ಟ ಕಡಿಮೆ ಮಾಡಿಕೊಳ್ಳುವುದೂ ನಿಮ್ಮದೇ ಹೊಣೆ. ಕೇಸ್ ಮುಗಿಯಲಿ ಅಂತ ಮನೆಯನ್ನು ನಾಲ್ಕು ಮಳೆಗಾಲ ನೆನೆಯಲು ಬಿಟ್ಟು, ಆಮೇಲೆ ಕಬ್ಬಿಣ ತುಕ್ಕು ಹಿಡಿದ ನಷ್ಟವನ್ನೂ ಕೇಳಿದರೆ ಕೋರ್ಟ್ ಒಪ್ಪುವುದು ಕಷ್ಟ. ಹಾಗಂತ ನಾಳೆಯೇ ಬೇರೆ ಮೇಸ್ತ್ರಿ ಕರೆದು ಗೋಡೆ ಎಬ್ಬಿಸಿಬಿಟ್ಟರೆ ಹಳೆಯವರು ಎಷ್ಟು ಮಾಡಿದ್ದರು ಅನ್ನುವ ಸಾಕ್ಷಿಯೇ ಹೋಗುತ್ತದೆ. ಮೊದಲು ಅಳತೆ, ದಿನಾಂಕ ಇರುವ ಫೋಟೋ, ಎಂಜಿನಿಯರ್ ವರದಿ. ಆಮೇಲೆ 30 ದಿನಕ್ಕೆ ಕಡಿಮೆಯಿಲ್ಲದ ನೋಟಿಸ್. 2018ರಲ್ಲಿ ತಿದ್ದುಪಡಿಯಾದ ನಿರ್ದಿಷ್ಟ ಪರಿಹಾರ ಕಾಯ್ದೆಯ 20ನೇ ಕಲಂ ಹೇಳುವುದು ಇದನ್ನೇ: ಲಿಖಿತ ನೋಟಿಸ್ ಕೊಟ್ಟು, ಅಷ್ಟು ದಿನ ಕಾದು, ಆಮೇಲೂ ಮಾಡದಿದ್ದರೆ ಬೇರೆಯವರಿಂದ ಕೆಲಸ ಮಾಡಿಸಿ, ನಿಜವಾಗಿ ಆದ ಖರ್ಚನ್ನು ಮುರಿದವರಿಂದ ವಸೂಲಿ ಮಾಡಬಹುದು. ಈ ದಾರಿ ಹಿಡಿದ ಮೇಲೆ "ಅವರೇ ಬಂದು ಕಟ್ಟಿಕೊಡಲಿ" ಅಂತ ಕೇಳುವ ಹಾಗಿಲ್ಲ.

4. ಸೈಟು, ಮನೆ ಬೇಕೇ ಬೇಕು ಅನ್ನುವವರಿಗೆ

ಸ್ಥಿರಾಸ್ತಿಯ ಕ್ರಯದ ಕರಾರು ಮುರಿದಾಗ ಕರಾರನ್ನೇ ಜಾರಿ ಮಾಡಿಸಿಕೊಳ್ಳುವ ದಾವೆ ಹಾಕಬಹುದು. ಮಾಲೀಕರು ಸಹಿ ಹಾಕದಿದ್ದರೆ ಕೊನೆಗೆ ಕೋರ್ಟೇ ಕ್ರಯಪತ್ರ ಮಾಡಿಸಿಕೊಡುತ್ತದೆ. ಮೊದಲು ಇದನ್ನು ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿದೆ.

ಆದರೆ ಒಂದು ಪರೀಕ್ಷೆ ಹಾಗೇ ಉಳಿದಿದೆ. ನೀವು ಮೊದಲ ದಿನದಿಂದ ಕೊನೆಯವರೆಗೆ ನಿಮ್ಮ ಪಾಲಿನ ಹಣ ಕೊಡಲು ಸಿದ್ಧರಿದ್ದಿರಾ, ಮನಸ್ಸೂ ಇತ್ತಾ ಅನ್ನುವುದು. ಬಾಯಲ್ಲಿ "ಸಿದ್ಧ ಇದ್ದೆ" ಅಂದರೆ ಸಾಲದು. 45 ಲಕ್ಷದ ಸೈಟಿಗೆ 5 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೀರಿ ಅಂದರೆ ಉಳಿದ 40 ಲಕ್ಷ ಎಲ್ಲಿಂದ ಬರುತ್ತಿತ್ತು ಅಂತ ಪಾಟೀಸವಾಲಿನಲ್ಲಿ ಕೇಳಿಯೇ ಕೇಳುತ್ತಾರೆ. ಬ್ಯಾಂಕ್ ಸಾಲ ಮಂಜೂರಾತಿ ಪತ್ರ, ಎಫ್‌ಡಿ, ಆ ಹೊತ್ತಿನ ಖಾತೆಯ ಬ್ಯಾಲೆನ್ಸ್ ಇವು ಉತ್ತರ. ಜೊತೆಗೆ ನೋಟಿಸ್‌ನಲ್ಲಿ ಒಂದು ದಿನ ಗೊತ್ತು ಮಾಡಿ, "ಇಂಥ ದಿನ ಉಪನೋಂದಣಾಧಿಕಾರಿ ಕಚೇರಿಗೆ ಬಾಕಿ ಹಣದೊಂದಿಗೆ ಬರುತ್ತೇನೆ, ಬಂದು ಕ್ರಯಪತ್ರ ಮಾಡಿಕೊಡಿ" ಅಂತ ಕರೆಯಿರಿ. ಆ ದಿನ ನಿಜವಾಗಿ ಹೋಗಿ.

ದಾವೆಯಲ್ಲಿ ಕ್ರಯಪತ್ರದ ಜೊತೆಗೆ, "ಅದು ಆಗದಿದ್ದರೆ ಅಡ್ವಾನ್ಸ್ ಬಡ್ಡಿ ಸಮೇತ ವಾಪಸ್ ಕೊಡಿಸಿ" ಅನ್ನುವ ಪರ್ಯಾಯ ಬೇಡಿಕೆಯನ್ನೂ ಬರೆಸಲೇಬೇಕು. ಕೇಳದೇ ಇದ್ದರೆ ಕೋರ್ಟ್ ತಾನಾಗಿ ಕೊಡುವ ಹಾಗಿಲ್ಲ ಅಂತ ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂನಲ್ಲಿದೆ. ಒಂದು ಸಾಲು ಬಿಟ್ಟುಹೋಗಿ ಅಡ್ವಾನ್ಸ್‌ಗೂ ಪರದಾಡುವುದು ಯಾರಿಗೆ ಬೇಕು? ಡ್ರಾಫ್ಟ್ ಬಂದಾಗ ನೀವೇ ಓದಿ ನೋಡಿ. ಮೂರನೆಯವರಿಗೆ ಮಾರುವುದನ್ನು ತಡೆಯಲು ತಾತ್ಕಾಲಿಕ ನಿರ್ಬಂಧಕಾಜ್ಞೆ, ಜನರ ಮಾತಿನಲ್ಲಿ ಸ್ಟೇ, ದಾವೆಯ ಜೊತೆಗೇ ಕೇಳಬೇಕು. ವಿಷಯ ಗೊತ್ತಿಲ್ಲದೆ, ಪೂರ್ತಿ ಹಣ ಕೊಟ್ಟು, ದಾವೆಗೂ ಮುಂಚೆ ಕೊಂಡವರು ನಡುವೆ ಬಂದರೆ ನಿಮ್ಮ ಹಕ್ಕು ಅವರ ಮೇಲೆ ನಡೆಯುವುದಿಲ್ಲ. ಇದಕ್ಕೇ ನಾನು ಕ್ರಯದ ಕರಾರನ್ನು ನೋಂದಣಿ ಮಾಡಿಸಿ ಅನ್ನುವುದು. ಆಗ ಅದು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ ಕಾಣುತ್ತದೆ, "ಗೊತ್ತಿರಲಿಲ್ಲ" ಅನ್ನುವ ಮಾತಿಗೆ ಜಾಗವಿಲ್ಲ.

ದುಬೈಯಲ್ಲೋ ಅಮೆರಿಕದಲ್ಲೋ ಕೂತು ಊರಿನಲ್ಲಿ ಸೈಟ್ ಕೊಂಡ ಕನ್ನಡಿಗರು ಅಣ್ಣನಿಗೋ ಭಾವನಿಗೋ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ ಕೊಟ್ಟು ಕೇಸ್ ನಡೆಸುತ್ತಾರೆ. ಕೇಸ್ ನಡೆಸಲು ಜಿಪಿಎ ಸಾಕು. ಆದರೆ ಹಣ ಕೊಡಲು ನಿಮಗೆ ಮನಸ್ಸಿತ್ತು, ಸಿದ್ಧತೆ ಇತ್ತು ಅನ್ನುವುದು ನಿಮಗೇ ಗೊತ್ತಿರುವ ವಿಷಯ. ಅದನ್ನು ಜಿಪಿಎ ಪಡೆದವರು ನಿಮ್ಮ ಪರವಾಗಿ ಸಾಕ್ಷಿ ಕಟ್ಟೆಯಲ್ಲಿ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷ್ಯದ ಹೊತ್ತಿಗೆ ನೀವೇ ಹಾಜರಾಗುವ ಏರ್ಪಾಟು ಇರಲಿ.

ಕೆಲವು ಕರಾರುಗಳಿಗೆ ಈ ದಾರಿಯೇ ಇಲ್ಲ. ಹಾಡಲು ಒಪ್ಪಿದ ಗಾಯಕ ಬರಲ್ಲ ಅಂದರೆ ಹಾಡು ಅಂತ ಕೋರ್ಟ್ ಆದೇಶಿಸಲಾರದು. ಅಲ್ಲಿ ಹಣವಷ್ಟೇ.

5. "ಮುರಿದರೆ ಎರಡುಪಟ್ಟು ದಂಡ" ಅಂತ ಬರೆದಿದ್ದರೆ

ನಮ್ಮ ಅಗ್ರಿಮೆಂಟ್‌ಗಳಲ್ಲಿ ಈ ಸಾಲು ಇಲ್ಲದ್ದೇ ಅಪರೂಪ. ಬರೆದಷ್ಟೂ ಸಿಗುತ್ತದೆ ಅಂತ ಒಬ್ಬರಿಗೆ ನಂಬಿಕೆ, ಬರೆದಷ್ಟೂ ಕೊಡಬೇಕಾಗುತ್ತದೆ ಅಂತ ಇನ್ನೊಬ್ಬರಿಗೆ ಭಯ. ಎರಡೂ ಪೂರ್ತಿ ನಿಜವಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟು ಅಂತ ಕೋರ್ಟ್ ನೋಡುತ್ತದೆ.

1963ರ ಫತೇಹ್ ಚಂದ್ ಪ್ರಕರಣ ಇದಕ್ಕೆ ಇವತ್ತಿಗೂ ಆಧಾರ. ದೆಹಲಿಯ ಒಂದು ಬಂಗಲೆ ಮಾರಾಟ. ಕೊಂಡವರು ಕೊಟ್ಟ 25,000ವನ್ನೂ ಮಾರುವವರು ಮುಟ್ಟುಗೋಲು ಹಾಕಿಕೊಳ್ಳಲು ಹೊರಟಿದ್ದರು. ಮುಂಗಡ ಖಾತ್ರಿಯಾಗಿ ಕೊಟ್ಟ 1,000 ಇಟ್ಟುಕೊಳ್ಳಿ, ಉಳಿದ 24,000 ಇಟ್ಟುಕೊಳ್ಳಲು ನಷ್ಟ ತೋರಿಸಿಲ್ಲ ಅಂದಿತು ಸುಪ್ರೀಂ ಕೋರ್ಟ್. 2015ರ ಕೈಲಾಶ್ ನಾಥ್ ಪ್ರಕರಣ ಇನ್ನೂ ಸ್ವಾರಸ್ಯದ್ದು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 78 ಲಕ್ಷ ಮುಂಗಡ ಮುಟ್ಟುಗೋಲು ಹಾಕಿಕೊಂಡಿತು. 3.12 ಕೋಟಿಗೆ ಹೋಗಬೇಕಿದ್ದ ಅದೇ ಜಾಗವನ್ನು ಮರುಹರಾಜಿನಲ್ಲಿ 11.78 ಕೋಟಿಗೆ ಮಾರಿತು. ನಷ್ಟವೇ ಆಗಿಲ್ಲವಲ್ಲ, ಹಣ ವಾಪಸ್ ಕೊಡಿ ಅಂದಿತು ಕೋರ್ಟ್.

ಹಾಗಂತ ಇಂಥ ಷರತ್ತುಗಳಿಗೆ ಬೆಲೆಯೇ ಇಲ್ಲ ಅಂತಲ್ಲ. ನಷ್ಟ ಇಷ್ಟೇ ಅಂತ ಎಣಿಸುವುದು ಕಷ್ಟವಾದಾಗ ಬರೆದ ಮೊತ್ತವನ್ನೇ ಕೋರ್ಟ್ ಒಪ್ಪಬಹುದು. ಕರ್ನಾಟಕ ಹೈಕೋರ್ಟಿನಿಂದ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಅಧಿಕಾರಿ 2 ಲಕ್ಷ ಕೊಡಬೇಕು ಅನ್ನುವ ಬಾಂಡನ್ನು ಎತ್ತಿಹಿಡಿಯಿತು. ಹೊಸ ನೇಮಕಾತಿಯ ಖರ್ಚು, ಆ ಅಧಿಕಾರಿಯ ಸಂಬಳ ಎರಡನ್ನೂ ನೋಡಿದರೆ ಅದು ಅತಿಯಲ್ಲ ಅನ್ನುವುದು ಕೋರ್ಟಿನ ನೋಟ. ಐಟಿ ಕಂಪನಿಯ ಬಾಂಡ್ ಹಿಡಿದು ಕೂತವರು ಈ ತೀರ್ಪನ್ನು ಹೆದರಿಕೆಗೂ ಬಳಸಬಾರದು, ನಿರ್ಲಕ್ಷ್ಯಕ್ಕೂ ಬಳಸಬಾರದು. ನಿಮ್ಮ ತರಬೇತಿಗೆ ಕಂಪನಿ ನಿಜವಾಗಿ ಎಷ್ಟು ಖರ್ಚು ಮಾಡಿದೆ ಅಂತ ಕೇಳಿ.

ಬೆಂಗಳೂರಿನ ಬಾಡಿಗೆ ಡಿಪಾಸಿಟ್ ಗೋಳಿಗೂ ಇದೇ ತತ್ವ ಹೊಂದುತ್ತದೆ. ಒಂದು ತಿಂಗಳ ಬಾಡಿಗೆಯಷ್ಟು ಪೇಂಟಿಂಗ್‌ಗೆ ಅಂತ ಕರಾರಿನಲ್ಲೇ ಇದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ "ಗೋಡೆ ಗಲೀಜಾಗಿದೆ" ಅಂತ ಮನಸ್ಸಿಗೆ ಬಂದಷ್ಟು ಹಿಡಿದುಕೊಳ್ಳುವ ಹಕ್ಕು ಮಾಲೀಕರಿಗಿಲ್ಲ. ಮನೆ ಖಾಲಿ ಮಾಡುವ ದಿನ ಪ್ರತಿ ಕೋಣೆಯ ವಿಡಿಯೋ ತೆಗೆದು ಮಾಲೀಕರಿಗೇ ವಾಟ್ಸಾಪ್ ಮಾಡಿ.

6. ನೋಟಿಸ್ ಕಳಿಸುವುದು

ನಾನು ನೋಡಿದ ಲೀಗಲ್ ನೋಟಿಸ್‌ಗಳಲ್ಲಿ ಬೈಗುಳ ಜಾಸ್ತಿ, ಲೆಕ್ಕ ಕಡಿಮೆ. ಇರಬೇಕಾದ್ದು ಇಷ್ಟು: ಕರಾರಿನ ದಿನಾಂಕ, ಯಾವ ಷರತ್ತು ಮುರಿದಿದೆ, ನೀವು ನಿಮ್ಮ ಪಾಲಿನದ್ದು ಏನೇನು ಮಾಡಿದ್ದೀರಿ, ಎಷ್ಟು ಹಣ ಅಥವಾ ಯಾವ ಕೆಲಸ ಬೇಕು, ಎಷ್ಟು ದಿನದೊಳಗೆ. ಬಡ್ಡಿ ಕೇಳುತ್ತೇವೆ ಅಂತ ಇಲ್ಲೇ ಬರೆಯಿರಿ. ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದರೂ ಹೀಗೆ ಲಿಖಿತವಾಗಿ ಕೇಳಿದ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ಅವಕಾಶವಿದೆ.

ಒಂದು ಅಪಾಯ ಗೊತ್ತಿರಲಿ. ಸೈಟೇ ಬೇಕು ಅನ್ನುವವರು ಸಿಟ್ಟಿನಲ್ಲಿ "ಕರಾರು ರದ್ದು ಮಾಡಿದ್ದೇನೆ, ಹಣ ವಾಪಸ್ ಕೊಡಿ" ಅಂತ ನೋಟಿಸ್ ಕಳಿಸಿಬಿಟ್ಟರೆ, ಆಮೇಲೆ ಅದೇ ಕರಾರು ಜಾರಿ ಮಾಡಿಸಿ ಅಂತ ಕೇಳುವಾಗ ಆ ಕಾಗದವೇ ಎದುರಾಗುತ್ತದೆ. ಮೂರನೇ ಹೆಜ್ಜೆಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೇ ನೋಟಿಸ್.

ಅಂಚೆ ಇಲಾಖೆ ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಕೌಂಟರ್‌ನಲ್ಲಿ ನೋಂದಣಿ ಮತ್ತು ತಲುಪಿದ್ದಕ್ಕೆ ರುಜುವಾತು ಎರಡನ್ನೂ ಕೇಳಿ ಪಡೆಯಿರಿ. ಕವರ್ "ಬಾಗಿಲು ಹಾಕಿತ್ತು" ಅಂತಲೋ "ತೆಗೆದುಕೊಳ್ಳಲು ನಿರಾಕರಿಸಿದರು" ಅಂತಲೋ ವಾಪಸ್ ಬಂದರೆ ಒಡೆಯಬೇಡಿ. ಹಾಗೇ ಇಡಿ, ಅದೂ ಸಾಕ್ಷಿ. ಎದುರಿನವರು ಸರ್ಕಾರವಾದರೆ ದಾವೆಗೆ ಎರಡು ತಿಂಗಳು ಮುಂಚೆ ನೋಟಿಸ್ ಕಡ್ಡಾಯ.

7. ಯಾವ ಬಾಗಿಲು ತಟ್ಟಬೇಕು?

ಅಗ್ರಿಮೆಂಟ್‌ನ ಕೊನೆಯ ಪುಟ ನೋಡಿ. ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಶನ್ ಷರತ್ತು ಇದ್ದರೆ ಸಿವಿಲ್ ಕೋರ್ಟ್‌ಗೆ ಹೋದರೂ ಎದುರಿನವರು ಕೇಳಿದ ಕೂಡಲೇ ಅಲ್ಲಿಗೇ ಕಳಿಸುತ್ತಾರೆ. "ನಮ್ಮ ಎಂಡಿ ನೇಮಿಸಿದವರೇ ಮಧ್ಯಸ್ಥರು" ಅಂತ ಬರೆದಿದ್ದರೆ ಹೆದರಬೇಡಿ. ಒಂದು ಪಕ್ಷವೇ ಏಕೈಕ ಮಧ್ಯಸ್ಥರನ್ನು ನೇಮಿಸುವುದನ್ನು ಸುಪ್ರೀಂ ಕೋರ್ಟ್ 2019ರಿಂದ ಒಪ್ಪಿಲ್ಲ. ಗ್ರಾಹಕರಾಗಿ ಆಯೋಗಕ್ಕೆ ಹೋಗುವುದನ್ನು ಈ ಷರತ್ತು ತಡೆಯುವುದಿಲ್ಲ.

ಸ್ವಂತ ಬಳಕೆಗೆ ವಸ್ತು ಕೊಂಡಿದ್ದರೆ, ಸೇವೆ ಪಡೆದಿದ್ದರೆ ನನ್ನ ಮೊದಲ ಆಯ್ಕೆ ಗ್ರಾಹಕರ ಆಯೋಗ. ಮನೆ ಕಟ್ಟಿಸುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯೇ. ನೀವು ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಮೇಲಿನ ಉದಾಹರಣೆಯ 14 ಲಕ್ಷಕ್ಕೆ ಶುಲ್ಕ 400 ರೂಪಾಯಿ. ನೀವಿರುವ ಊರಿನಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಮಾನಸಿಕ ಹಿಂಸೆಗೂ ಇಲ್ಲಿ ಪರಿಹಾರ ಕೊಡುತ್ತಾರೆ. ಕರಾರಿನ ದಾವೆಯಲ್ಲಿ ಸಿವಿಲ್ ಕೋರ್ಟ್ ಅದನ್ನು ಕೊಡುವುದು ಅಪರೂಪ. ದೂರಿಗೆ ಮೊದಲು ಸಹಾಯವಾಣಿ 1915ಕ್ಕೆ ಒಂದು ಫೋನ್ ಮಾಡಿ ನೋಡಿ, ದೊಡ್ಡ ಕಂಪನಿಗಳು ಕೆಲವು ಸಲ ಅಷ್ಟಕ್ಕೇ ಬಗ್ಗುತ್ತವೆ.

ಬಿಲ್ಡರ್ ಫ್ಲ್ಯಾಟ್ ಕೊಡದಿದ್ದರೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಇದೆ. ಹೊರಬರುವುದಾದರೆ ಕಟ್ಟಿದ ಹಣ ಬಡ್ಡಿ ಸಮೇತ, ಉಳಿಯುವುದಾದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ದರ ಎಸ್‌ಬಿಐನ ಎಂಸಿಎಲ್‌ಆರ್, ಅಂದರೆ ಸಾಲದ ಮೂಲ ಬಡ್ಡಿದರದ ಮೇಲೆ ಶೇ. 2.

ಮಾಲು ತಯಾರಿಸಿ ಅಥವಾ ಸೇವೆ ಕೊಟ್ಟು ಹಣಕ್ಕೆ ಕಾಯುತ್ತಿರುವ ಸಣ್ಣ ಉದ್ಯಮಿಗಳಿಗೆ ಬಹಳ ಗಟ್ಟಿಯಾದ ಒಂದು ಅಸ್ತ್ರವಿದೆ, ಬಳಸುವವರು ಕಡಿಮೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡಬೇಕಾದ್ದು ಇಂಥ ಬಾಕಿಯ ಜಗಳ ತೀರ್ಮಾನಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ. ಕೌನ್ಸಿಲ್ ತೀರ್ಪನ್ನು ಪ್ರಶ್ನಿಸಲು ಕೊಂಡವರು ಮೊದಲು ಶೇ. 75 ಹಣ ಠೇವಣಿ ಇಡಬೇಕು. ಮಾಲು ಕಳಿಸುವ ಮುಂಚೆಯೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಆಗಿರಲಿ.

ಉಳಿದದ್ದೆಲ್ಲ ಸಿವಿಲ್ ಕೋರ್ಟ್. ಬರವಣಿಗೆಯಲ್ಲಿ ನಿಗದಿತ ಮೊತ್ತದ ಬಾಕಿ ಇದ್ದರೆ ಸಂಕ್ಷಿಪ್ತ ದಾವೆ ಹಾಕಬಹುದೇ ಅಂತ ಕೇಳಿ. ಅದರಲ್ಲಿ ಎದುರಿನವರು ವಾದಿಸುವುದಕ್ಕೂ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯವಾದರೆ ವಾಣಿಜ್ಯ ನ್ಯಾಯಾಲಯ. ತುರ್ತು ಆದೇಶ ಬೇಡವಾದರೆ ಅಲ್ಲಿ ಮೊದಲು ಮಧ್ಯವರ್ತನೆಗೆ, ಅಂದರೆ ರಾಜಿ ಮಾತುಕತೆಯ ಮೀಡಿಯೇಶನ್‌ಗೆ ಹೋಗಿ ಬರಲೇಬೇಕು, ಇಲ್ಲದಿದ್ದರೆ ದಾವೆಯೇ ತಿರಸ್ಕಾರವಾಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಗಳ ಸಹಾಯವಾಣಿ 15100.

ಪೊಲೀಸ್ ಠಾಣೆ? "ಇದು ಸಿವಿಲ್ ಮ್ಯಾಟರ್, ಕೋರ್ಟ್‌ಗೆ ಹೋಗಿ" ಅಂತ ಕಳಿಸಿದರೆ ಬಹಳ ಸಲ ಅವರು ಹೇಳುವುದು ಸರಿಯೇ. ಕರಾರು ಮಾಡುವ ದಿನವೇ ಮೋಸದ ಉದ್ದೇಶ ಇದ್ದರೆ ಮಾತ್ರ ಅದು ವಂಚನೆ. ಒಂದೇ ಸೈಟನ್ನು ಮೂವರಿಗೆ ಮಾರಿದ್ದರೆ, ಬೇರೆಯವರ ಆಸ್ತಿ ತೋರಿಸಿ ಅಡ್ವಾನ್ಸ್ ತಗೊಂಡಿದ್ದರೆ ದೂರು ಕೊಡಿ. ಚೆಕ್ ಬೌನ್ಸ್ ಆಗಿದ್ದರೆ ಅದು ಬೇರೆಯದೇ ದಾರಿ, ಗಡುವೂ ಬಿಗಿ: ಬ್ಯಾಂಕ್ ಮೆಮೊ ಬಂದ 30 ದಿನದಲ್ಲಿ ನೋಟಿಸ್, ಅದು ತಲುಪಿ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ದೂರು.

8. ಗೆದ್ದ ಮೇಲೆ ವಸೂಲಿ

ಡಿಕ್ರಿ, ಅಂದರೆ ತೀರ್ಪಿನ ಆದೇಶ, ಬಂದ ಕೂಡಲೇ ಹಣ ಬರುವುದಿಲ್ಲ. ಅದಕ್ಕೆ ಅಮಲ್ಜಾರಿ ಅರ್ಜಿ ಅಂತ ಇನ್ನೊಂದು ಸುತ್ತು. ಹಣದ ಡಿಕ್ರಿಗೆ 12 ವರ್ಷ ಸಮಯವಿದೆ. ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ, ಬೆಂಗಳೂರಿನ ಆಸ್ತಿಯೊಂದರ ಪ್ರಕರಣದಲ್ಲೇ ಹೇಳಿತು. ವಾಸ್ತವದಲ್ಲಿ ಎಷ್ಟು ಹಿಡಿಯುತ್ತದೆ ಅಂತ ನಿಮ್ಮೂರಿನ ಕೋರ್ಟ್ ಆವರಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೋರ್ಟ್ ಬ್ಯಾಂಕ್ ಖಾತೆ, ವಾಹನ, ಸೈಟು, ಸಂಬಳದ ಒಂದು ಭಾಗ ಇವನ್ನು ಜಪ್ತಿ ಮಾಡಬಹುದು. ಆದರೆ ಅವು ಎಲ್ಲಿವೆ ಅಂತ ಹುಡುಕಿ ಕೊಡಬೇಕಾದವರು ನೀವೇ. ಆದ್ದರಿಂದ ಕೇಸ್ ಹಾಕುವ ಮುಂಚೆಯೇ ನೋಡಿಕೊಳ್ಳಿ: ಎದುರಿನವರ ಹೆಸರಲ್ಲಿ ಏನಿದೆ? ಹಣ ಕಳಿಸಿದ ಖಾತೆ ಯಾವ ಬ್ಯಾಂಕಿನದ್ದು? ಅವರು ಆಸ್ತಿ ಮಾರಿ ಜಾಗ ಖಾಲಿ ಮಾಡುವ ಸೂಚನೆ ಇದ್ದರೆ ತೀರ್ಪಿಗೂ ಮೊದಲೇ ಜಪ್ತಿ ಕೇಳುವ ಅವಕಾಶವಿದೆ, ಅದಕ್ಕೆ ಗಟ್ಟಿ ಆಧಾರ ಬೇಕು.

ಏನೂ ಇಲ್ಲದವರ ಮೇಲೆ 5.5 ಲಕ್ಷದ ಡಿಕ್ರಿ ಹಿಡಿದು ಓಡಾಡುವುದಕ್ಕಿಂತ ಲೋಕ ಅದಾಲತ್‌ನಲ್ಲಿ 4 ಲಕ್ಷಕ್ಕೆ ಕಂತಿನ ರಾಜಿ ಎಷ್ಟೋ ಮೇಲು ಅಲ್ವಾ? ಅಲ್ಲಿಯ ಆದೇಶಕ್ಕೂ ಡಿಕ್ರಿಯಷ್ಟೇ ಬಲ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ರಾಜಿ ಪತ್ರದಲ್ಲಿ ಪ್ರತಿ ಕಂತಿನ ತಾರೀಖು, ಮೊತ್ತ ಬರೆಸಿ. ಒಂದು ಕಂತು ತಪ್ಪಿದರೂ ಬಾಕಿ ಪೂರ್ತಿ ಬಡ್ಡಿ ಸಮೇತ ಒಟ್ಟಿಗೇ ವಸೂಲಿಗೆ ಬರುತ್ತದೆ ಅನ್ನುವ ಷರತ್ತನ್ನೂ ಸೇರಿಸಿಯೇ ಸಹಿ ಹಾಕಿ.